ಅಂಕಮ್ಮ ಹಿಡಿದ ಸೊಲ್ಲು

ಅಂಕಮ್ಮನ ಮುತ್ತಜ್ಜಿ ಚೌಡಮ್ಮ ಮೂರು ದಿನದ ಮದುವೆಯಲ್ಲಿ ಒಂದೇ ಸೋಬಾನೆಯನ್ನು ಎರಡು ಸಲ ಹಾಡದೆ ಮುಗಿಸಿದವಳು. ಅಜ್ಜಿ ಪುಟ್ಟತಾಯಿ, ಶಿಂಷೆ ಉಕ್ಕಿ ಹರಿಯುತ್ತಿದ್ದ ದಿನ ಅಂಬಿಗ ಬೇಡವೆಂದರೂ ಹರಿಗೋಲು ಹತ್ತಿ, ಆಚೆ ದಡದ ಮದುವೆಮನೆಗೆ ಹೊತ್ತಿಗೆ ಸರಿಯಾಗಿ ಹೋಗಿ ಹಾಡಿದವಳು. ತಾಯಿ ದೊಡ್ಡತಾಯಮ್ಮ ಗದ್ದೆಯಲ್ಲಿ ಪದ ಎತ್ತಿದರೆ ನಾಟಿ ಹಾಕುವ ಹೆಂಗಸರಿಗೆ ಸೊಂಟದ ನೋವು ಮರೆತುಹೋಗುತ್ತಿತ್ತು. ಮೂವರೂ ಮುಂದೆ ಕೂತು ಹಾಡಿದವರು. ಅಂಥ ಮನೆಯಲ್ಲಿ ಹುಟ್ಟಿದ ಅಂಕಮ್ಮ ಮಾತ್ರ ಹಿಂದೆ ಕೂತು ಸೊಲ್ಲು ಹಿಡಿಯುವವಳಾದಳು.

ನಮ್ಮ ಮಳವಳ್ಳಿ ಸೀಮೆಯಲ್ಲಿ ಸೋಬಾನೆಯನ್ನು ಒಬ್ಬಳೇ ಹಾಡುವುದಿಲ್ಲ. ಮುಂದಿನವಳು ಒಂದು ಸಾಲು ಹೇಳಿದರೆ ಹಿಂದಿನವರು ಅದನ್ನೇ ತಿರುಗಿ ಹೇಳಬೇಕು. ಅದೇ ಸೊಲ್ಲು ಹಿಡಿಯುವುದು. ಅಷ್ಟರಲ್ಲಿ ಮುಂದಿನವಳು ಉಸಿರು ತೆಗೆದುಕೊಳ್ಳುತ್ತಾಳೆ. ಅಂಕಮ್ಮನ ಮೇಳದಲ್ಲಿ ಮುಂದಿನವಳು ಮಲ್ಲಿಗಮ್ಮ. ರೂಪವಂತೆ, ನೂರಾರು ಪದ ಬಲ್ಲವಳು, ಆದರೆ ಉಸಿರು ಮೋಟು. ಅವಳ ದನಿ ಕುಸಿಯುವ ಜಾಗ ಅಂಕಮ್ಮನಿಗೆ ಚೆನ್ನಾಗಿ ಗೊತ್ತು. ಸಾಲು ಮುಗಿಯುವ ಮೊದಲೇ ನುಗ್ಗಿ ಎತ್ತಿಕೊಳ್ಳುತ್ತಿದ್ದಳು. ಹನ್ನೆರಡು ವರ್ಷ ಹಾಗೆ ಎತ್ತಿಕೊಂಡಳು. ಯಾರಿಗೂ ತಿಳಿಯಲಿಲ್ಲ.

ಸಾವಿರದ ಒಂಬೈನೂರ ನಲವತ್ತೊಂದರಲ್ಲಿ ಗ್ರಾಮಫೋನು ಪ್ಲೇಟಿನ ಕಂಪನಿಯೊಂದು ಇವರನ್ನು ಬೆಂಗಳೂರಿಗೆ ಕರೆಸಿಕೊಂಡಿತು. ಮೈಕಿನ ಮುಂದೆ ಮಲ್ಲಿಗಮ್ಮ, ಮೂರು ಮಾರು ಹಿಂದೆ ಅಂಕಮ್ಮ ಮತ್ತು ಇನ್ನಿಬ್ಬರು. ಹಾಡಿನ ನಡುವೆ ಮಲ್ಲಿಗಮ್ಮನ ಉಸಿರು ಕಡಿಯಿತು. ಅಂಕಮ್ಮ ಎತ್ತಿಕೊಂಡಳು.

ಪ್ಲೇಟು ಬಂದ ದಿನ, ಮದ್ದೂರಿನಲ್ಲಿ ಗ್ರಾಮಫೋನು ರಿಪೇರಿ ಮಾಡುವ ಮೆಹಬೂಬ್ ಪಾಷಾನ ಅಂಗಡಿಯ ಮುಂದೆ ಜನ ನೆರೆಯಿತು. ಸರಿಯಾಗಿ ಅಂಕಮ್ಮ ಎತ್ತಿಕೊಂಡ ಜಾಗ ಬಂದಾಗ ಒಬ್ಬ, "ಮಲ್ಲಿಗಮ್ಮನ್ ಗಂಟ್ಲು ನೋಡ್ಲಾ, ಕಂಚು ಕಣ್ಲಾ ಕಂಚು!" ಅಂದ. ಅಂಕಮ್ಮ ಜನರನ್ನು ಸರಿಸಿಕೊಂಡು ಪಾಷಾನ ಮುಂದೆ ಹೋಗಿ ನಿಂತಳು.

"ಸಾಬ್ರೇ, ಅದ್ರ ಮ್ಯಾಲೆ ಯಾರೆಸ್ರು ಬರ್ದವ್ರೆ? ವಸಿ ಓದಿ."

"ಮಲ್ಲಿಗಮ್ಮ ಮತ್ತು ಸಂಗಡಿಗರು," ಎಂದು ಓದಿದ ಪಾಷಾ. "ಸಂಗಡಿಗರು ಅಂದ್ರೆ ನೀವೇ ಅಲ್ವೇನಕ್ಕ?"

"ನಮ್ಮವ್ವ ನಂಗೆ ಸಂಗಡಿಗರು ಅಂತ ಎಸ್ರು ಇಟ್ಟಿರ್ನಿಲ್ಲ ಕಣಪ್ಪ."

ಆಮೇಲೆ ಮಲ್ಲಿಗಮ್ಮ ಕೆಮ್ಮಿದರೆ ಅಂಕಮ್ಮನಿಗೆ ಹಿತವಾಗತೊಡಗಿತು. ಹಿತವಾದದ್ದಕ್ಕೆ ತಾನೇ ನಾಚಿ ಶುಂಠಿ ಕಷಾಯ ಕಾಯಿಸಿ ಕೊಡುವಳು. ಕುಡಿದು ಅವಳ ಗಂಟಲು ಬಿಟ್ಟಿತೆಂದರೆ ಮತ್ತೆ ಸಂಕಟ.

ಮರುವರ್ಷ ಗೌಡರ ಮುದ್ದಯ್ಯ ಮಗಳ ಮದುವೆಗೆ ಕರೆಯಲು ಬಂದ. ಮಲ್ಲಿಗಮ್ಮನಿಗೆ ಎರಡೂ ಕೈಯಲ್ಲಿ ವೀಳ್ಯ ಕೊಟ್ಟು, ಪಕ್ಕದಲ್ಲಿದ್ದ ಅಂಕಮ್ಮನ ಕಡೆ ತಿರುಗಿ, "ನೀನೂ ಬಂದ್ಬುಡಮ್ಮಿ" ಅಂದ. ಅಷ್ಟೇ. ಅಂಕಮ್ಮ ಅಂದೇ ಮನಸ್ಸು ಗಟ್ಟಿ ಮಾಡಿಕೊಂಡಳು.

ಹೆಣ್ಣು ಒಳಮನೆಯಿಂದ ಹಸೆಗೆ ಬರುವಾಗ ಹಾಡು ನಿಲ್ಲಕೂಡದು. ನಿಂತರೆ ಹೆಣ್ಣೂ ನಿಂತಲ್ಲೇ ನಿಲ್ಲಬೇಕು. ಮಲ್ಲಿಗಮ್ಮ ಹಾಡು ಎತ್ತಿದಳು. ಆ ಜಾಗ ಬಂತು. ಅಂಕಮ್ಮ ತುಟಿ ಕಚ್ಚಿ ಕೂತಳು. ಯಾವಾಗಲೂ ಅವಳ ದನಿ ಕೇಳಿಯೇ ಸೇರಿಕೊಳ್ಳುತ್ತಿದ್ದ ಇನ್ನಿಬ್ಬರೂ ಬಾಯಿ ತೆರೆಯಲಿಲ್ಲ. ಹಾಡು ಮುರಿಯಿತು. ಹೆಣ್ಣು ಹೊಸ್ತಿಲಲ್ಲಿ ನಿಂತುಬಿಟ್ಟಿತು.

"ಏನ್ರಮ್ಮಿ, ನಾಲ್ಗೆ ಬಿದ್ದೋಯ್ತಾ?" ಎಂದು ಮುದ್ದಯ್ಯ ಗದರಿದ.

ಮಲ್ಲಿಗಮ್ಮ ಕೆಮ್ಮುತ್ತ ಹಿಂದಕ್ಕೆ ತಿರುಗಿ ನೋಡಿದಳು. ಹನ್ನೆರಡು ವರ್ಷದಲ್ಲಿ ಅದೇ ಮೊದಲು.

ಅಂಕಮ್ಮ ಮುಂದಕ್ಕೆ ಸರಿದು ಕೂತು ತನ್ನ ಮನೆತನದ ಪದವೊಂದನ್ನು ಎತ್ತಿದಳು. ಆ ಪದವಾಗಲಿ ಅದರ ಧಾಟಿಯಾಗಲಿ ಊರಲ್ಲಿ ಬೇರೆ ಯಾರಿಗೂ ಬಾರದು. ಅವಳು ಎಡವಿದ್ದು ಅಲ್ಲೇ: ಯಾರಿಗೂ ಬಾರದ ಪದಕ್ಕೆ ಸೊಲ್ಲು ಹಿಡಿಯುವವರು ಎಲ್ಲಿಂದ ಬರಬೇಕು? ಸಾಲನ್ನು ತಾನೇ ಹೇಳಿದಳು, ತಾನೇ ತಿರುಗಿಸಿದಳು. ಉಸಿರಿಗೆ ಸಂದು ಸಿಗಲಿಲ್ಲ. ಹೆಣ್ಣು ಒಂದೊಂದೇ ಹೆಜ್ಜೆ ಇಟ್ಟು ಬಂತು. ಹಸೆಗೆ ಇನ್ನು ಮೂರು ಹೆಜ್ಜೆ ಇರುವಾಗ ಅಂಕಮ್ಮನ ದನಿ ಬಿರಿಯಿತು, ಕಣ್ಣು ಕತ್ತಲಿಟ್ಟಿತು.

ಮಲ್ಲಿಗಮ್ಮ ಕೂತಲ್ಲಿಂದಲೇ ಜರುಗಿ ಅವಳ ಬೆನ್ನ ಹಿಂದೆ ಬಂದು ಕೂತಳು.

"ಲೇ ಅಂಕಿ, ಧಾಟಿ ನಂಗೆ ಸಿಕ್ತು. ನೀ ಉಸುರು ತಕೊ, ಸೊಲ್ಲು ನಾ ಇಡೀತೀನಿ."

ಅಂಕಮ್ಮ ಹಾಡು ನಿಲ್ಲಿಸಿದಳು. ಹೆಣ್ಣೂ ನಿಂತಿತು. ಚಪ್ಪರವೆಲ್ಲ ಇವಳ ಕಡೆಗೇ ನೋಡುತ್ತಿತ್ತು.

"ಬ್ಯಾಡ ಕಣಕ್ಕ," ಅಂದಳು. "ನೀ ಇಡುದ್ರೆ ನಾಳೀಕೆ ಇದ್ನೂ ಮಲ್ಲಿಗಮ್ಮನ್ ಪದ ಅಂತಾರೆ. ಎಣ್ಣು ನಿಂತ್ಕಳ್ಳಿ, ನನ್ನ ಉಸುರು ಬರೋಗಂಟ ಕಾಯ್ಲಿ. ನೀ ಸುಮ್ಕೆ ಕೂತ್ಕೊ."