ಮುನ್ಸೀಫರು ಮುಟ್ಟದ ಎಳನೀರು

"ಮುನ್ಸೀಫರ ಗಂಡುಮಕ್ಕಳನ್ನು ಹುಡುಕಿದ್ರೆ ಎಲ್ಲಿ ಸಿಗ್ತಾರೆ ಮಾರಾಯ್ರೆ? ನಮ್ಮದು ಅಳಿಯಸಂತಾನ. ಅವರ ಕುಟುಂಬ ಅಂದ್ರೆ ಅವರ ತಂಗಿಯ ಮಕ್ಕಳು. ಆ ತಂಗಿಯ ಮಗಳ ಮಗಳು ನಾನು."

ಮೆಂತ್ಯ ತೂಗುತ್ತಿದ್ದ ನನ್ನ ಕೈ ಹಾಗೇ ನಿಂತಿತು. ಎಂಬತ್ತರ ದಶಕದ ಆರಂಭದ ಮಾತಿದು. ಮಗಳ ಬಾಣಂತನಕ್ಕೆಂದು ಕೊಲ್ಲಿ ದೇಶದ ಈ ರಿಫಾಕ್ಕೆ ಬಂದಿದ್ದ ಆ ಬಂಟರ ಹಿರಿಯಮ್ಮ ನನ್ನ ಅಂಗಡಿಯಲ್ಲಿ ತಮ್ಮ ಊರಿನ ಹೆಸರು ಹೇಳಿದ್ದೇ ತಡ, ಅಲ್ಲಿನ ಹಳೇ ಮುನ್ಸೀಫರ ಮಗ, ಮೊಮ್ಮಗ ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದೆ.

ಬ್ರಿಟಿಷರ ಕಾಲದಲ್ಲಿ ಆ ನ್ಯಾಯಾಧೀಶರು ಊರಿನ ದೊಡ್ಡ ಜಮೀನುದಾರನ ವಿರುದ್ಧ ತೀರ್ಪು ಕೊಟ್ಟು, ವಿಧವೆಯಾಗಿದ್ದ ನನ್ನ ಮುತ್ತಜ್ಜಿಗೆ ಮನೆ ಉಳಿಸಿಕೊಟ್ಟಿದ್ದರು. ಸಂತೋಷಕ್ಕೆಂದು ಆಕೆ ಒಯ್ದ ಎಳನೀರನ್ನೂ ಮುಟ್ಟದೆ, ಮಕ್ಕಳಿಗೆ ಕೊಡು ಎಂದು ವಾಪಸು ಕಳಿಸಿದ್ದರಂತೆ. ಆ ಮನೆಯವರನ್ನು ಹುಡುಕಿ ಒಂದು ಸಲಾಂ ಹೇಳಬೇಕೆಂಬುದು ನನ್ನ ತಂದೆಯ ಕೊನೆಯ ಆಸೆ. ನಮ್ಮ ಬ್ಯಾರಿ ಮುಸ್ಲಿಮರಲ್ಲಿ ಮನೆತನವೆಂದರೆ ತಂದೆಯಿಂದ ಮಗನಿಗೆ. ಹಾಗಾಗಿ ರಜೆಗೆ ಊರಿಗೆ ಹೋದಾಗಲೆಲ್ಲ ನಾನು ಮುನ್ಸೀಫರ ಮಗ, ಮೊಮ್ಮಗ ಎಂದೇ ವಿಚಾರಿಸುತ್ತ ಅಲೆದಿದ್ದೆ. ಸಿಕ್ಕವರೆಲ್ಲ ತಮ್ಮ ತಾಯಿಯ ಮನೆಯ ಹೆಸರು ಹೇಳಿ ನನ್ನನ್ನು ಗಲಿಬಿಲಿಗೊಳಿಸಿದ್ದರು.

ತಂದೆಯ ಸಲಾಂ ಹೇಳಿ, ಆ ಎಳನೀರಿನ ಕಥೆಯನ್ನೂ ಹೇಳಿದೆ. ಅಂಗಡಿಯಲ್ಲಿ ಎಳನೀರು ಎಲ್ಲಿಂದ ಬರಬೇಕು? ಫ್ಲಾಸ್ಕಿನಲ್ಲಿದ್ದ ಕಪ್ಪು ಚಹಾವನ್ನೇ ಬಗ್ಗಿಸಿಕೊಟ್ಟೆ. ಅವರು ಸ್ಟೂಲಿನ ಮೇಲೆ ಕೂತು ಕೊನೆಯ ಗುಟುಕಿನವರೆಗೂ ಕುಡಿದರು. ಆಮೇಲೆ ಖಾಲಿ ಗ್ಲಾಸನ್ನು ನನ್ನ ಮುಂದೆ ಹಿಡಿದು ಹೇಳಿದರು: "ಅಜ್ಜ ಕೋರ್ಟಿನವರು, ಅವರಿಗೆ ತಗೊಳ್ಳಲಿಕ್ಕೆ ಆಗ್ತಿರ್ಲಿಲ್ಲ. ನನಗೇನು? ಇನ್ನೂ ಅರ್ಧ ಗ್ಲಾಸ್ ಹಾಕಿ."