ಹಸಿರು ಬಣ್ಣ ಬಳಿದ ಹಕ್ಕಿಗಳು

2022ರ ದಸರಾ ಆಗಷ್ಟೇ ಮುಗಿದಿತ್ತು. ನಾನಾಗ ಚಿಂಚೋಳಿ ತಾಲ್ಲೂಕಿನಲ್ಲಿ ಪಶುವೈದ್ಯಾಧಿಕಾರಿ. ಸೇಡಂ, ಚಿತ್ತಾಪುರ, ವಾಡಿ ಎಂದು ನೌಕರಿಯ ಬಹುಪಾಲನ್ನು ಈ ಸುತ್ತಿನಲ್ಲೇ ಕಳೆದವಳು. ಎಮ್ಮೆಯ ಹೆರಿಗೆ, ಎತ್ತಿನ ಗೊರಸು, ಕುರಿಯ ಜ್ವರ ಅಂದರೆ ನಿದ್ದೆಗಣ್ಣಲ್ಲೂ ಮಾಡಿಯೇನು. ಆದರೆ ಹನ್ನೆರಡು ಗ್ರಾಂ ತೂಗುವ ರೋಗಿಯನ್ನು ಅದುವರೆಗೆ ಕೈಯಲ್ಲಿ ಹಿಡಿದವಳಲ್ಲ.

ಆ ದಿನ ತಾಂಡೂರು ಕಡೆಯಿಂದ ಬಂದ ಬಸ್ಸು ಸುಲೇಪೇಟದಲ್ಲಿ ನಿಂತಾಗ ಕಂಡಕ್ಟರನಿಗೆ ಹಿಂದಿನ ಸೀಟಿನ ಕೆಳಗೆ ಗೋಣಿ ಹೊಲಿದ ಎರಡು ಬುಟ್ಟಿ ಕಂಡವು. ಯಾರದು ಎಂದು ಕೇಳಿದರೆ ಯಾರೂ ಉಸಿರೆತ್ತಲಿಲ್ಲ. ಒಳಗಿನಿಂದ ಸಣ್ಣ ದನಿ ಬರುತ್ತಿತ್ತು. ಆತ ಅರಣ್ಯ ಇಲಾಖೆಗೆ ಫೋನ್ ಮಾಡಿದ. ವಲಯ ಅರಣ್ಯಾಧಿಕಾರಿ ಪಾಟೀಲರು ಬುಟ್ಟಿಗಳನ್ನು ಜಪ್ತಿ ಮಾಡಿ, ಪಂಚನಾಮೆ ಬರೆಸಿ, ನೇರ ನನ್ನ ಆಸ್ಪತ್ರೆಗೆ ತಂದರು.

"ಮೇಡಂ, ಗಿಣಿ ಮರಿ ಅದಾವ ಅಂತ ಕಾಣಸ್ತದ. ಒಂದೀಟು ನೋಡ್ರಿ," ಎಂದರು.

ಗೋಣಿ ಬಿಚ್ಚಿದೆ. ಮೈಯೆಲ್ಲ ಗಿಳಿ ಹಸಿರು, ಆದರೆ ಕೊಕ್ಕು ಗಿಳಿಯದಲ್ಲ. ಕಾಳು ಒಡೆಯುವ ದಪ್ಪ ಮೊಂಡು ಕೊಕ್ಕು. ಒದ್ದೆ ಹತ್ತಿಯಿಂದ ಒಂದರ ಎದೆ ಒರೆಸಿದರೆ ಹತ್ತಿ ಹಸಿರಾಯಿತು. ಅವು ನಮ್ಮ ಹೊಲದ ಬದುಗಳಲ್ಲಿ ಹುಲ್ಲಿನ ಬೀಜ ತಿಂದುಕೊಂಡಿರುವ ಚುಕ್ಕೆ ಮುನಿಯಗಳು. ಕಂದು ಬೆನ್ನು, ಎದೆಯ ಮೇಲೆ ಮೀನಿನ ಹುರುಪೆಯಂಥ ಚುಕ್ಕೆ. ಊರ ಮಂದಿ ಎಲ್ಲವನ್ನೂ ಸೇರಿಸಿ ಗುಬ್ಬಿ ಎಂದುಬಿಡುತ್ತಾರೆ. ವಿದೇಶದ ಹಕ್ಕಿ ಎಂದು ಮಾರಲಿಕ್ಕೆ ಯಾವನೋ ಪುಣ್ಯಾತ್ಮ ಅವಕ್ಕೆ ಬಟ್ಟೆಯ ಬಣ್ಣ ಬಳಿದಿದ್ದ. ಹಾರಿ ಹೋಗದಿರಲಿ ಎಂದು ಪ್ರತಿ ಹಕ್ಕಿಯ ಒಂದೊಂದು ರೆಕ್ಕೆಯ ಉದ್ದ ಗರಿಗಳನ್ನು ಕತ್ತರಿಯಿಂದ ಕತ್ತರಿಸಿದ್ದ. ನನಗೆ ಮೈ ಉರಿಯಿತು. ಸಿಕ್ಕಿದ್ದರೆ ಅವನ ತಲೆಗೆ ಅದೇ ಬಣ್ಣ ಬಳಿದು ಚಿಂಚೋಳಿ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸುತ್ತಿದ್ದೆ.

ಒಟ್ಟು ಐವತ್ತೆರಡು ಬಂದಿದ್ದವು. ಮೊದಲ ವಾರದಲ್ಲೇ ಒಂಬತ್ತು ಸತ್ತವು. ಇಷ್ಟು ಸಣ್ಣ ಹಕ್ಕಿಗೆ ಸಾಯಲಿಕ್ಕೆ ಗಾಯವೇ ಆಗಬೇಕೆಂದಿಲ್ಲ. ಹಗಲು ತಿಂದದ್ದನ್ನು ರಾತ್ರಿಯ ಚಳಿಗೆ ಸುಟ್ಟುಕೊಂಡು ಬೆಳಗು ಮುಟ್ಟುವ ಜೀವ ಅದು. ಒಂದು ದಿನ ಹೆದರಿಕೆಯಲ್ಲಿ ಕಾಳು ಮುಟ್ಟದಿದ್ದರೆ ಮರುದಿನ ಬೆಳಗಿಲ್ಲ.

ಪಾಟೀಲರಿಗೆ ಅವಸರವಿತ್ತು. ಕೆಟ್ಟವರಲ್ಲ, ಆದರೆ ಮೇಜಿನ ಮೇಲೆ ಫೈಲು ಉಳಿದರೆ ಊಟ ಸೇರದ ಮನುಷ್ಯ. ಬಿಡುಗಡೆಗೆ ನ್ಯಾಯಾಲಯದ ಅನುಮತಿ ಆಗಲೇ ಸಿಕ್ಕಿತ್ತು.

"ನಾಳೆನೇ ಗುಡ್ಡದಾಗ ಬಿಟ್ಟು ಬರೂಣ ಮೇಡಂ. ಕಾಡಿನ ಹಕ್ಕಿ ಕಾಡಿಗಿ. ಮುಗೀತು."

"ಸಾಹೇಬ್ರ, ಅವು ಹಾರಂಗಿಲ್ಲ. ಬಿಟ್ಟ ಕೂಡ್ಲೇ ಬೆಕ್ಕಿನ ಬಾಯಾಗ ಹೋಗ್ತಾವ."

ಒಂದೇ ರೆಕ್ಕೆ ಕತ್ತರಿಸಿದ ಹಕ್ಕಿ ನೇರ ಹಾರಲಾರದು, ಗಿರಕಿ ಹೊಡೆದು ನೆಲಕ್ಕೆ ಬೀಳುತ್ತದೆ. ಕತ್ತರಿಸಿದ ಗರಿ ನಮ್ಮ ಉಗುರಿನ ಹಾಗೆ ಮತ್ತೆ ಬೆಳೆಯುವುದೂ ಇಲ್ಲ. ವರ್ಷಕ್ಕೊಮ್ಮೆ, ಗೂಡಿನ ಕಾಲ ಮುಗಿದ ಮೇಲೆ, ಹಕ್ಕಿ ಹಳೆಯ ಗರಿಗಳನ್ನು ಒಂದೊಂದಾಗಿ ಉದುರಿಸಿ ಹೊಸವನ್ನು ಬೆಳೆಸಿಕೊಳ್ಳುತ್ತದೆ. ಇದಕ್ಕೆ ಮೋಲ್ಟ್ ಎನ್ನುತ್ತೇವೆ. ರೆಕ್ಕೆಯೂ ಬಣ್ಣವೂ ಸರಿಹೋಗಬೇಕಾದರೆ ಇದೊಂದೇ ದಾರಿ. ಮೊಂಡು ಗರಿಗಳನ್ನು ಕಿತ್ತು ತೆಗೆದರೆ ಬೇಗ ಬರುವುದಿಲ್ಲವೇ ಎಂದು ಪಾಟೀಲರು ಕೇಳಿದರು. ಬರಬಹುದು, ಆದರೆ ಆ ನೋವಿಗೇ ಅರ್ಧ ಹಕ್ಕಿಗಳು ಹೋಗುತ್ತವೆ ಎಂದೆ. ಕೊನೆಗೆ ಒಂದು ಒಪ್ಪಂದವಾಯಿತು. ಜನವರಿ ಮುಗಿಯುವವರೆಗೆ ಹಕ್ಕಿಗಳು ನನ್ನ ಜವಾಬ್ದಾರಿ. ಅಷ್ಟರಲ್ಲಿ ಹಾರಿದವು ಕಾಡಿಗೆ. ಹಾರದವು ದೂರದ ಮೃಗಾಲಯದ ಪಂಜರಕ್ಕೆ, ಬದುಕಿರುವಷ್ಟು ದಿನ.

ಇಲಾಖೆಯ ಸಸಿ ಬೆಳೆಸುವ ನರ್ಸರಿಯೊಂದರಲ್ಲಿ ಹಸಿರು ಶೇಡ್‌ನೆಟ್ಟಿನ ಮನೆ ಖಾಲಿ ಇತ್ತು. ಹಕ್ಕಿ ಹಿಡಿಯುವವರಿಗೆ ಸುಳಿವು ಸಿಗದಿರಲಿ, ಊರಿನ ಹೆಸರು ಬೇಡ. ಅದರೊಳಗೆ ಜಾಲಿ ಟೊಂಗೆ ನೆಟ್ಟು, ಹುಲ್ಲು ಹರಡಿ ಹಕ್ಕಿಗಳನ್ನು ಬಿಟ್ಟೆವು. ನೋಡಿಕೊಳ್ಳಲು ವಾಚರ್ ಶರಣಪ್ಪ ಸಿಕ್ಕ. ಐವತ್ತು ದಾಟಿದ, ದೊಡ್ಡ ಮೀಸೆಯ, ಭಾಳ ಅಂತಃಕರಣದ ಮನುಷ್ಯ. ನವಣೆ, ಸಾವೆ, ನೆನೆಸಿದ ಹೆಸರುಕಾಳು ಕೊಡಲು ಹೇಳಿದೆ. ಗರಿ ಎಂದರೆ ಬಹುಪಾಲು ಪ್ರೋಟೀನ್, ಆದ್ದರಿಂದ ಬೇಯಿಸಿದ ಕೋಳಿ ತತ್ತಿಯನ್ನೂ ಪುಡಿ ಮಾಡಿ ಹಾಕಬೇಕು ಎಂದೆ.

ಶರಣಪ್ಪ ಮುಖ ಸಣ್ಣದು ಮಾಡಿದ. "ಅಕ್ಕಾರ, ನಾವು ಲಿಂಗ ಕಟ್ಟಿದ ಮಂದಿ. ತತ್ತಿ ಮುಟ್ಟಂಗಿಲ್ರಿ."

"ನೀ ತಿನ್ನು ಅಂದೀನೇನೋ ಮಾರಾಯ? ಚಮಚದಲೆ ಹಾಕು."

ಮರುದಿನದಿಂದ ಉದ್ದ ಹಿಡಿಕೆಯ ಸೌಟೊಂದು ನರ್ಸರಿಗೆ ಬಂತು. ಮೂಗಿಗೆ ಟವೆಲ್ ಸುತ್ತಿಕೊಂಡು ಶರಣಪ್ಪ ತತ್ತಿ ಬಡಿಸುತ್ತಿದ್ದ.

ಹಕ್ಕಿಗಳು ತಿಂದವು. ಸಾಯುವುದು ನಿಂತಿತು. ಒಂದನ್ನು ಮಾತ್ರ ಬೆಕ್ಕು ಬಲೆಯ ಸಂದಿಯಲ್ಲಿ ಪಂಜ ಹಾಕಿ ಎಳೆದುಕೊಂಡಿತು. ಅಂದು ಶರಣಪ್ಪ ಊಟ ಮಾಡಲಿಲ್ಲ ಎಂದು ಅವನ ಹೆಂಡತಿ ನನಗೆ ಫೋನಿನಲ್ಲಿ ದೂರಿದಳು. ಉಳಿದದ್ದು ನಲವತ್ತೆರಡು.

ಆದರೆ ಗರಿ ಉದುರಲಿಲ್ಲ. ನವೆಂಬರ್ ಹೋಯಿತು. ಹೊರಗಿನ ಮುನಿಯಗಳು ಮೋಲ್ಟಿಗೆ ಇಳಿದಿದ್ದವು. ಹೊಲದ ಬೇಲಿಯ ಮೇಲೆ ಬಾಲ ಹರುಕಾದವು, ಕುತ್ತಿಗೆ ಬೋಳಾದವು ದಿನಾ ಕಾಣುತ್ತಿದ್ದವು. ನಮ್ಮವು ಮಾತ್ರ ಅದೇ ಹಸಿರು ಕೋಟು ತೊಟ್ಟು ಕೂತಿದ್ದವು. ತತ್ತಿ ಹೆಚ್ಚಿಸಿದೆ, ವಿಟಮಿನ್ ಹಾಕಿದೆ, ಕರುಳಿನ ಹುಳುವಿಗೆ ಔಷಧ ಕೊಟ್ಟೆ. ನನಗಿಂತ ತಿಳಿದ ಇಬ್ಬರು ಸಹಪಾಠಿಗಳಿಗೆ ಫೋನ್ ಮಾಡಿದೆ. ಹೆದರಿಕೆ ಕಾರಣವಿರಬಹುದು ಎಂದರು. ಅದು ನಿಜವೇ. ಭಯವಾದಾಗ ಹಕ್ಕಿಯ ಮೈಯಲ್ಲಿ ಕಾರ್ಟಿಕೋಸ್ಟಿರೋನ್ ಎಂಬ ಹಾರ್ಮೋನು ಏರುತ್ತದೆ, ಗರಿಯ ಕೆಲಸ ನಿಲ್ಲುತ್ತದೆ. ಮನೆಗೆ ಕಳ್ಳ ನುಗ್ಗಿದಾಗ ಯಾರೂ ಗೋಡೆಗೆ ಸುಣ್ಣ ಬಳಿಯುತ್ತ ನಿಲ್ಲುವುದಿಲ್ಲವಲ್ಲ. ಆದರೆ ಇಲ್ಲಿ ಭಯ ಯಾವುದರದ್ದು? ಶರಣಪ್ಪ ಒಳಗೆ ಹೋದರೆ ಅವನ ಟೋಪಿಯ ಮೇಲೆ ಕೂರುವಷ್ಟು ಸಲಿಗೆ ಅವಕ್ಕೆ ಬಂದಿತ್ತು.

ಪಾಟೀಲರ ಫೋನು ಬರತೊಡಗಿತು. "ಮೇಡಂ, ಮೃಗಾಲಯದವ್ರಿಗಿ ಈಗೇ ತಿಳಿಸ್ಲೇನು? ಸುಮ್ನ ಯಾಕ ಕಾಯೂದು?" ನಾನು "ಇನ್ನೂ ಟೈಮ್ ಅದ ರೀ" ಎಂದು ಬಾಯಲ್ಲಿ ಹೇಳುತ್ತಿದ್ದೆ. ಒಳಗೆ ಧೈರ್ಯ ಇರಲಿಲ್ಲ. ಆಕಾಶದಲ್ಲಿ ಹಾರಿಕೊಂಡಿದ್ದ ಜೀವಗಳು ನನ್ನ ಕೈಯಿಂದಲೇ ಪಂಜರಕ್ಕೆ ಹೋಗುತ್ತವಲ್ಲ ಎನಿಸುತ್ತಿತ್ತು.

ಡಿಸೆಂಬರಿನ ಒಂದು ಸಂಜೆ ನರ್ಸರಿ ಇದ್ದ ಊರಿನಲ್ಲೇ ಎಮ್ಮೆಯೊಂದಕ್ಕೆ ಹೆರಿಗೆ ಕಷ್ಟವಾಗಿ ಹೋಗಿದ್ದೆ. ಕರು ಉಳಿಯಿತು. ಕೈ ತೊಳೆದು ಬರುವಾಗ ಹೊತ್ತು ಮುಳುಗಿತ್ತು. ಹೇಗೂ ಬಂದಿದ್ದೇನೆ ಎಂದು ನರ್ಸರಿಗೆ ಹೋದೆ. ಅದುವರೆಗೆ ನಾನು ಅಲ್ಲಿಗೆ ಹಗಲಲ್ಲಿ ಮಾತ್ರ ಹೋದವಳು. ಹುಣಸೆ ಮರದ ಗುಬ್ಬಿ, ಗೊರವಂಕಗಳ ಗಲಾಟೆ ಆಗಲೇ ಅಡಗಿತ್ತು. ಶೇಡ್‌ನೆಟ್ಟಿನ ಒಳಗೆ ಮಾತ್ರ ಹಾಡಹಗಲು. ಕಂಬಕ್ಕೆ ಕಟ್ಟಿದ ದೊಡ್ಡ ಎಲ್‌ಇಡಿ ಲೈಟಿನ ಕೆಳಗೆ ಮುನಿಯಗಳು ಜಿಗಿಯುತ್ತ, ಕಿಚಿಪಿಚಿ ಎನ್ನುತ್ತ ಕಾಳು ಹೆಕ್ಕುತ್ತಿದ್ದವು.

ಶರಣಪ್ಪ ಹೆಮ್ಮೆಯಿಂದ ಎದುರು ಬಂದ. "ನೋಡ್ರಿ ಅಕ್ಕಾರ, ರಾತ್ರಿನೂ ಉಣ್ಣಾಕತ್ತಾವ! ಬೆಕ್ಕು ಬಂದ ಮರದಿನಾನೇ ಲೈಟ್ ಹಾಕ್ಸೀನಿ. ಬೆಳಗಾಗೂತನ ಆರಸಂಗಿಲ್ಲ. ಬೆಕ್ಕು, ಹಾವು ಒಂದೂ ಹತ್ರ ಸುಳಿಯಂಗಿಲ್ಲ ನೋಡ್ರಿ."

ನಾನು ಅಲ್ಲಿದ್ದ ಬಕೆಟ್ ಬೋರಲು ಹಾಕಿ ಕೂತುಬಿಟ್ಟೆ. ಹಕ್ಕಿಗೆ ಕ್ಯಾಲೆಂಡರ್ ಎಂದರೆ ಹಗಲು ಇರುಳಿನ ಉದ್ದ. ಬೆಳಕು ಅದರ ಕಣ್ಣಿನಿಂದ ಮಾತ್ರವಲ್ಲ, ತೆಳ್ಳಗಿನ ತಲೆಬುರುಡೆಯ ಮೂಲಕವೂ ಮೆದುಳಿಗೆ ತಲುಪುತ್ತದೆ. ಕಣ್ಣು ಮುಚ್ಚಿ ಕೂತರೂ ತಪ್ಪಿಸಿಕೊಳ್ಳಲಾಗದು. ಲೈಟು ಉರಿಯುತ್ತಿದ್ದರೆ ಕತ್ತಲಾದಾಗ ಬರಬೇಕಾದ ಮೆಲಟೋನಿನ್ ಎಂಬ ಹಾರ್ಮೋನು ಬರುವುದಿಲ್ಲ, ನಿದ್ದೆಯಿಲ್ಲ, ಋತು ಬದಲಾಯಿತೆಂಬ ಸುದ್ದಿಯೇ ಮೈಗೆ ಮುಟ್ಟುವುದಿಲ್ಲ. ನಮ್ಮ ಹಕ್ಕಿಗಳಿಗೆ ವಾರಗಟ್ಟಲೆ ರಾತ್ರಿಯೇ ಆಗಿರಲಿಲ್ಲ.

"ಶರಣಪ್ಪ, ಲೈಟ್ ಆರಸು."

"ಆರಸೂದಾ? ಬ್ಯಾಡ್ರೀ ಅಕ್ಕಾರ! ಕತ್ತಲದಾಗ ಬಿಟ್ರ ಹಾವು ಬರ್ತಾವ, ಬೆಕ್ಕು ಬರ್ತದ. ಒಂದ್ ಹೋಗಿದ್ದೇ ಸಾಕಾಗ್ಯಾದ ನನಗ."

ಅವನ ಕಣ್ಣಲ್ಲಿ ನೀರಿತ್ತು. ಪ್ರೀತಿಯಿಂದ ಹಚ್ಚಿದ ಬೆಳಕನ್ನು ಆರಿಸು ಎಂದು ಹೇಳುವುದು ಎಷ್ಟು ಕಷ್ಟ ಎಂದು ಅಂದು ತಿಳಿಯಿತು. ಅಲ್ಲೇ ಕೂತು ಇಬ್ಬರೂ ಉಪಾಯ ಮಾಡಿದೆವು. ಮರುದಿನ ಬಲೆಯ ಬುಡಕ್ಕೆ ಸುತ್ತಲೂ ತಗಡು ಹೊಡೆಸಿದೆವು, ಅದರಾಚೆ ಜಾಲಿ ಮುಳ್ಳು ಒಟ್ಟಿದೆವು. ಪಾಟೀಲರಿಗೆ ವಿಷಯ ತಿಳಿದು ಫೋನು ಬಂತು. "ಕತ್ತಲದಾಗ ಏನಾರ ಆದ್ರ ಜವಾಬ್ದಾರಿ ಯಾರು ಮೇಡಂ?"

"ನಾನೇ ರೀ ಸಾಹೇಬ್ರ. ಬರದು ಕೊಡ್ತೀನಿ," ಎಂದೆ. ಕೊಟ್ಟೆ ಕೂಡ.

ಲೈಟು ಆರಿತು. ಶರಣಪ್ಪ ಹೊರಸನ್ನು ಬಲೆಗೆ ತಾಗಿಸಿ ಹಾಕಿಕೊಂಡು, ಕಂಬಳಿ ಹೊದ್ದು ಚಳಿಯಲ್ಲಿ ಅಲ್ಲೇ ಮಲಗತೊಡಗಿದ. ಮೊದಲ ಕೆಲವು ಸಂಜೆ ಹಕ್ಕಿಗಳು ಗಾಬರಿಯಾದವಂತೆ. ಆಮೇಲೆ ಹೊತ್ತು ಮುಳುಗುತ್ತಲೇ ಒಂದೇ ಟೊಂಗೆಯ ಮೇಲೆ ಸಾಲಾಗಿ, ಒಂದಕ್ಕೊಂದು ಮೈ ಒತ್ತಿಕೊಂಡು ಕೂರತೊಡಗಿದವು.

ಸಂಕ್ರಾಂತಿಗೆ ಇನ್ನೂ ಕೆಲವು ದಿನ ಇರುವಾಗ ಬೆಳಿಗ್ಗೆ ಶರಣಪ್ಪನ ಫೋನು. "ಅಕ್ಕಾರ, ಜಲ್ದಿ ಬರ್ರಿ! ಏನೋ ರೋಗ ಹತ್ತ್ಯಾದ. ನೆಲದ ತುಂಬಾ ಹಸರ ಪುಕ್ಕ ಬಿದ್ದಾವ!"

ನಾನು ಜೋರಾಗಿ ನಕ್ಕೆ. ಆಸ್ಪತ್ರೆಯಲ್ಲಿ ಆಡು ಹಿಡಿದುಕೊಂಡು ನಿಂತಿದ್ದವರು ಡಾಕ್ಟರಿಗೆ ಏನಾಯಿತೋ ಎಂದು ನೋಡಿದರು. "ರೋಗ ಅಲ್ಲೋ ಶರಣಪ್ಪ, ಹಬ್ಬ ಬಂದದ! ಒಂದ್ ಪುಕ್ಕಾನೂ ಗುಡಿಸಬ್ಯಾಡ, ನಾ ಬಂದು ನೋಡ್ತೀನಿ."

ರೆಕ್ಕೆಯ ಮೊಂಡು ಗರಿಗಳು ಒಂದೊಂದೇ ಬಿದ್ದು ಆ ಜಾಗದಲ್ಲಿ ಹೊಸ ಗರಿಯ ಮೊಗ್ಗುಗಳು ಮೂಡಿದ್ದವು. ಎದೆಯಲ್ಲಿ ಹಸಿರಿನ ನಡುವೆ ಕಂದು ಚುಕ್ಕೆ ಇಣುಕುತ್ತಿತ್ತು. ಇಷ್ಟಕ್ಕೂ ದೀಪವೊಂದೇ ಕಾರಣ ಎಂದು ನಾನು ಆಣೆ ಮಾಡಿ ಹೇಳಲಾರೆ. ದಿನ ಕಳೆದು ಹೆದರಿಕೆ ಇಳಿದಿತ್ತು, ಹೊಟ್ಟೆ ತುಂಬಿತ್ತು. ವೈದ್ಯಕೀಯದಲ್ಲಿ ಒಂದೇ ಕಾರಣ ಸಿಗುವುದು ಅಪರೂಪ. ಆದರೆ ಕತ್ತಲು ಬಂದ ಮೇಲೆಯೇ ಇದೆಲ್ಲ ಶುರುವಾಯಿತು ಎಂಬುದು ಖರೆ.

ಗರಿ ಬೆಳೆಯಲು ಸಮಯ ಬೇಕು. ಜನವರಿ ಮುಗಿಯುತ್ತ ಬಂದರೂ ರೆಕ್ಕೆ ಅರ್ಧವೇ ಆಗಿತ್ತು. ಪಾಟೀಲರು ಒಂದು ಮಧ್ಯಾಹ್ನ ತಾವೇ ಬಂದರು. ಬಲೆಯ ಒಳಗೆ ಒಂದು ಹಕ್ಕಿ ಟೊಂಗೆಯಿಂದ ಟೊಂಗೆಗೆ ನೇರ ಹಾರಿತು, ತೂರಾಡಿ ಕೂತಿತು. ಅವರು ಇನ್ನೊಂದು ಹಾರುವವರೆಗೂ ಅಲ್ಲೇ ನಿಂತು ನೋಡಿದರು. ಆಮೇಲೆ ನನ್ನೆದುರೇ ಮೃಗಾಲಯಕ್ಕೆ ಫೋನ್ ಹಚ್ಚಿದರು. "ಗಾಡಿ ಈಗ ಕಳಸಬ್ಯಾಡ್ರಿ. ನಮ್ಮ ಹಕ್ಕಿ ಹಾರಾಕತ್ತಾವ." ನಮ್ಮ ಹಕ್ಕಿ ಎಂದರಲ್ಲ, ಆ ಮಾತಿಗೆ ನಾನು ಅವರ ಹಿಂದಿನ ಎಲ್ಲ ಫೋನುಗಳನ್ನೂ ಮನ್ನಿಸಿಬಿಟ್ಟೆ.

ಹಸಿರೆಲ್ಲ ಉದುರಿಹೋದ ಮೇಲೆ, ಫೆಬ್ರವರಿ ಕೊನೆಯ ಎಳೆಬಿಸಿಲಿನಲ್ಲಿ ಬಿಡುಗಡೆ. ನರ್ಸರಿಯ ಬೇಲಿಯಾಚೆ ಮಲ್ಲಮ್ಮನ ಜೋಳದ ಹೊಲ. ತೆನೆ ಬಲಿತಿತ್ತು. ಅವಳು ಅಟ್ಟದ ಮೇಲೆ ಕವಣೆ ಹಿಡಿದು ಹಕ್ಕಿ ಕಾಯುತ್ತಿದ್ದಳು. ನಾವೇನು ಮಾಡಲಿದ್ದೇವೆ ಎಂದು ತಿಳಿದದ್ದೇ ಕೆಳಗಿಳಿದು ಬಂದಳು.

"ಏನ್ರೀ ಡಾಕ್ಟರಮ್ಮ, ಹೊತ್ತು ಹುಟ್ಟಿದ್ರ ಹಕ್ಕಿ ಹೊಡದು ಹೊಡದು ನನ್ನ ರಟ್ಟಿ ಬಿದ್ದಾವ. ನೀವು ತತ್ತಿ ತಿನಿಸಿ ಮ್ಯಾಲ ಮತ್ತಷ್ಟು ಬಿಡ್ತೀರಿ?"

ಅವಳ ಮಾತು ಸುಳ್ಳಲ್ಲ. ಬಣ್ಣ ಬಳಿದು ರೆಕ್ಕೆ ಕತ್ತರಿಸಿದ ಕಥೆಯನ್ನೇ ಹೇಳಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು ಪೂರಾ ಕೇಳಿದಳು. "ಅವನ ಕೈ ಸೇದಿ ಹೋಗ್ಲಿ," ಎಂದು ಕಾಣದ ಆ ವ್ಯಾಪಾರಿಗೆ ಶಾಪ ಹಾಕಿದಳು. ಆಮೇಲೆ, "ಬಿಡ್ರಿ ಬಿಡ್ರಿ. ಇವತ್ತೊಂದಿನ ಕವಣಿ ಮುಟ್ಟಂಗಿಲ್ಲ. ನಾಳಿಗಿ ಮಾತ್ರ ನಾ ಮಾತ್ ಕೇಳಕಿ ಅಲ್ಲ," ಎಂದಳು.

ಮೂರು ಹಕ್ಕಿಗಳಿಗೆ ಮಾತ್ರ ರೆಕ್ಕೆ ಸರಿಯಾಗಿ ಬರಲೇ ಇಲ್ಲ. ಅವು ಮೃಗಾಲಯಕ್ಕೆ ಹೋದವು. ನೆನೆದರೆ ಈಗಲೂ ಬೇಜಾರಾಗುತ್ತದೆ. ಉಳಿದ ಮೂವತ್ತೊಂಬತ್ತಕ್ಕಾಗಿ ಶರಣಪ್ಪ ಶೇಡ್‌ನೆಟ್ಟಿನ ಒಂದು ಬದಿಯನ್ನು ಸುರುಳಿ ಸುತ್ತಿ ಮೇಲಕ್ಕೆ ಕಟ್ಟಿದ. ನಾವು ದೂರ ಸರಿದು ಕೂತೆವು. ಬಹಳ ಹೊತ್ತು ಏನೂ ಆಗಲಿಲ್ಲ. ಬೇಲಿಯ ಮೇಲೆ ಕಾಡು ಮುನಿಯಗಳ ಹಿಂಡು ಬಂದು ಕೂತು ಕರೆಯಿತು. ಒಳಗಿನಿಂದ ಉತ್ತರ ಬಂತು. ಮೊದಲು ಒಂದು ಹಾರಿತು, ಮತ್ತೆ ಮೂರು, ಆಮೇಲೆ ಎಲ್ಲವೂ ಬುರ್ರನೆ ಒಮ್ಮೆಗೇ. ಬೇಲಿಯ ಹಿಂಡೂ ಎದ್ದಿತು. ಎರಡೂ ಗಾಳಿಯಲ್ಲಿ ಕೂಡಿ ಒಂದು ಸುತ್ತು ಹಾಕಿ ಜೋಳದಲ್ಲಿ ಇಳಿದವು. ಶರಣಪ್ಪ ಟವೆಲಿನಿಂದ ಮುಖ ಒರೆಸಿಕೊಂಡ.

ನೌಕರಿಯುದ್ದಕ್ಕೂ ನನಗೆ ಏನಾದರೂ ಮಾಡುವುದೇ ಚಿಕಿತ್ಸೆಯಾಗಿತ್ತು. ಸೂಜಿ ಚುಚ್ಚು, ಔಷಧ ಕುಡಿಸು, ಹೊಲಿಗೆ ಹಾಕು. ಆ ಜೀವಕ್ಕೆ ಯಾವುದು ತನ್ನದೋ ಅದನ್ನು ತಿರುಗಿ ಕೊಟ್ಟು ಕೈ ಹಿಂದೆ ಕಟ್ಟಿ ನಿಲ್ಲುವುದೂ ಚಿಕಿತ್ಸೆಯೇ ಎಂದು ಈ ಪ್ರಕರಣ ಕಲಿಸಿತು. ಮುನಿಯಗಳಿಗೆ ಬೇಕಿದ್ದದ್ದು ಒಂದು ರಾತ್ರಿ.

ಪಾಟೀಲರು ಪಂಚನಾಮೆಯ ಹಾಳೆ ಹಿಡಿದು ಬೇಲಿಯ ಹತ್ತಿರ ನಿಂತು ಎಣಿಸಲು ನೋಡಿದರು. ಜೋಳದ ತೆನೆ ತೆನೆಯ ಮೇಲೂ ಕಂದು ಬೆನ್ನು, ಚುಕ್ಕೆ ಎದೆ. ಅವರು ಎರಡು ಸಲ ಎಣಿಸಿ ಸೋತು ನನ್ನ ಕಡೆ ತಿರುಗಿದರು.

"ಮೇಡಂ, ಇದ್ರಾಗ ನಮ್ಮವು ಯಾವು ರೀ?"

ನಾನೂ ನೋಡಿದೆ. ತಿಂಗಳುಗಟ್ಟಲೆ ಒಂದೊಂದನ್ನೂ ಅಂಗೈಯಲ್ಲಿ ಹಿಡಿದು ತೂಗಿದವಳು ನಾನು. ಕಣ್ಣು ಕಿರಿದು ಮಾಡಿ ಮತ್ತೆ ಮತ್ತೆ ನೋಡಿದೆ.

"ಗೊತ್ತಾಗವಲ್ದು ಸಾಹೇಬ್ರ," ಎಂದೆ. ಇಷ್ಟು ಸಂತೋಷದಿಂದ ಆ ಮಾತನ್ನು ನಾನು ಯಾವತ್ತೂ ಹೇಳಿರಲಿಲ್ಲ.