ಕಾಜಲ್ ಅರ್ಜಿಯಲ್ಲಿ ನಾನು ಬಿಟ್ಟ ಶಾಲೆ

ನಮ್ಮ ಮನೆಗೆಲಸದ ಸರಿತಾಳ ಮಗಳು ಕಾಜಲ್‌ಗೆ ಸಿಗಬಹುದಾಗಿದ್ದ ಶಾಲೆಯನ್ನು ನಾನು ತಪ್ಪಿಸಿದೆ. ಕೈತಪ್ಪಿ ಅಲ್ಲ, ತಿಳಿಯದೆಯೂ ಅಲ್ಲ — ಬೇಕೆಂದೇ. ಹನ್ನೊಂದು ವರ್ಷವಾಯಿತು. ಯಾರಿಗೂ ಹೇಳಿಲ್ಲ.

ದೆಹಲಿಯ ಖಾಸಗಿ ಶಾಲೆಗಳು ಬಡವರ ಮಕ್ಕಳಿಗೆಂದು ಒಂದಷ್ಟು ಉಚಿತ ಸೀಟು ಇಡಬೇಕು. ಆನ್‌ಲೈನಿನಲ್ಲಿ ಅರ್ಜಿ ತುಂಬಿ, ಮನೆ ಹತ್ತಿರದ ಶಾಲೆಗಳನ್ನು ಆರಿಸಿದರೆ ಲಾಟರಿಯಲ್ಲಿ ಹೆಸರು ಬರಬಹುದು. ಸರಿತಾಗೆ ಓದು ಬರಹ ಬಾರದು. ಜನಕಪುರಿಯ ನಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಪ್ಲಾಸ್ಟಿಕ್ ಚೀಲದಿಂದ ಕಾಗದ ತೆಗೆದು ನನ್ನ ಮುಂದಿಟ್ಟಳು.

"ದೀದಿ, ನೀವೇ ತುಂಬಿ. ಸೈಬರ್ ಅಂಗಡಿ ಭಯ್ಯಾ ಮೇಲೆ ನಂಗೆ ಭರೋಸಾ ಇಲ್ಲ."

ನನ್ನ ಮೇಲಿತ್ತು.

ನಮ್ಮ ಮಗ ಆದಿಗೆ ಆಗಲೇ ಹತ್ತಿರದ ಶಾಲೆಯಲ್ಲಿ ಸೀಟಾಗಿತ್ತು. ಅವನಿಗೂ ಕಾಜಲ್‌ಗೂ ಒಂದೇ ವಯಸ್ಸು, ಐದು. ನಾನು ಲ್ಯಾಪ್‌ಟಾಪ್ ತೆರೆದದ್ದು ನೋಡಿ ಯಜಮಾನರು ನಕ್ಕರು. "ಇಬ್ರೂ ಒಂದೇ ಕ್ಲಾಸಾ? ಹಾಗಾದ್ರೆ ಬರ್ತ್‌ಡೇ ಪಾರ್ಟಿಲಿ ಸರಿತಾ ಗೆಸ್ಟೋ, ಪ್ಲೇಟ್ ತೊಳೆಯೋಳೋ?" ಅಂದವರು ಆಫೀಸಿಗೆ ಹೋದರು, ಮರೆತರು. ತಪ್ಪನ್ನು ಅವರ ಮೇಲೆ ಹಾಕಲಾರೆ. ಮರೆಯದೆ ಕೂತವಳು ನಾನು. ಆ ಹುಡುಗಿ ತರಗತಿಯಲ್ಲಿ ಎದ್ದು ನಿಂತು, ನಮ್ಮಮ್ಮ ಇವರ ಮನೇಲಿ ಅಂತ ಶುರು ಮಾಡಿಬಿಟ್ಟರೆ — ನಾನು ಬೈದದ್ದು, ನಿನ್ನೆಯ ಸಾರು ಕೊಟ್ಟು ಕಳಿಸಿದ್ದು, ಎಲ್ಲ ಬೇರೆ ತಾಯಂದಿರ ಕಿವಿಗೆ ಬಿದ್ದರೆ — ಇಷ್ಟೇ. ಇಷ್ಟಕ್ಕೇ.

ಪಟ್ಟಿಯಲ್ಲಿ ಆದಿಯ ಶಾಲೆ ಮೊದಲನೆಯದೇ ಇತ್ತು. ಬಿಟ್ಟೆ. ಎಲ್ಲರೂ ಮುಗಿಬೀಳುವ ನಾಲ್ಕು ದೊಡ್ಡ ಶಾಲೆಗಳನ್ನು ಒತ್ತಿದೆ.

"ಆದಿ ಬಾಬು ಹೋಗೋ ಸ್ಕೂಲೂ ಹಾಕಿದ್ರಾ ದೀದಿ?"

"ಹಾಕಿದೆ, ಹಾಕಿದೆ."

ಎರಡು ಸಲ ಹೇಳಿದೆ.

ಹೆಸರು ಎಲ್ಲೂ ಬರಲಿಲ್ಲ. ಕಿಸ್ಮತ್ ಎಂದು ಅವಳ ಭುಜ ತಟ್ಟಿದೆ. ಹಾಕಿದ್ದರೂ ಬರುತ್ತಿರಲಿಲ್ಲವೇನೋ — ಹಾಗೆಂದುಕೊಂಡು ಮಲಗುವಂತೆಯೂ ಇಲ್ಲ. ಜುಲೈ ತಿಂಗಳ ಪೋಷಕರ ಸಭೆಯಲ್ಲಿ ಟೀಚರ್ ಹೇಳಿದರು: ಆದಿಯ ತರಗತಿಯಲ್ಲಿ ಎರಡು ಉಚಿತ ಸೀಟು ಖಾಲಿಯೇ ಉಳಿದಿವೆ, ಅರ್ಜಿಯೇ ಸಾಲಲಿಲ್ಲ. ಅದೇ ವಾರ, ಎಲ್ಲ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರಬೇಕು ಎಂದು ನಾನು ಇಲ್ಲೇ ಪೋಸ್ಟ್ ಹಾಕಿದೆ. ನೀವೆಲ್ಲ ಮೆಚ್ಚಿ ಹಂಚಿಕೊಂಡಿರಿ. ಮೆಚ್ಚಿಗೆ ಓದಿ ಓದಿ ಖುಷಿಪಟ್ಟೆ ಕೂಡ — ಎಂಥ ಹೆಂಗಸು ನಾನು.

ಕಾಜಲ್ ಸರ್ಕಾರಿ ಶಾಲೆ ಸೇರಿದಳು. ಕಿಕ್ಕಿರಿದ ತರಗತಿ, ಮನೆಯಲ್ಲಿ ಹೇಳಿಕೊಡುವವರಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಎರಡು ಸಲ ಫೇಲು. ನಿನ್ನೆ ಸರಿತಾ ಹಿಟ್ಟು ನಾದುತ್ತಾ ಅಂದಳು, "ಸೋಮವಾರ ಸ್ಕೂಲಿಗೆ ಹೋಗಿ ಹೆಸರು ತೆಗೆಸ್ತೀನಿ ದೀದಿ. ಇವಳ ಹಣೇಲಿ ಓದು ಬರೆದಿಲ್ಲ ಅಂತ ಭಗವಾನ್ ಲಾಟರಿಲೇ ಹೇಳಿದ್ದ. ನಾನೇ ಕೇಳಿಸ್ಕೊಳ್ಳಲಿಲ್ಲ."

"ಕಾಜಲ್ ಏನಂತಾಳೆ?"

"ಅವಳೂ ಅದೇ. 'ಸ್ಕೂಲಿಗೆ ಹೋಗೋಕೆ ಮುಂಚೇನೇ ಫೇಲಾದೋಳು ನಾನು ಮಮ್ಮಿ' ಅಂತಾಳೆ."

ಭಗವಂತನಲ್ಲ ಸರಿತಾ, ನಾನು — ನಾಲಿಗೆಯ ತುದಿಗೆ ಬಂತು.

"ಚಪಾತಿ ಸ್ವಲ್ಪ ತೆಳ್ಳಗೆ ಲಟ್ಟಿಸು" ಅಂದೆ.

ರಾತ್ರಿಯೆಲ್ಲ ಆ ಹುಡುಗಿಯ ಮಾತು. ಹದಿನಾರು ವರ್ಷದ ಮಗು ತನ್ನನ್ನು ದೇವರೇ ಬೇಡವೆಂದ ಎಂದುಕೊಂಡು ಬದುಕುತ್ತಿದೆ, ನಾನು ಒಂದು ಗುಂಡಿ ಒತ್ತಲಿಲ್ಲವೆಂದು.

ದಯವಿಟ್ಟು ಕೆಳಗೆ ಕಾಮೆಂಟಿನಲ್ಲಿ ಧೈರ್ಯವಂತೆ ಎಂದು ಬರೆಯಬೇಡಿ. ಇದೆಂಥ ಧೈರ್ಯ? ಕನ್ನಡದಲ್ಲಿ ಬರೆದಿದ್ದೇನೆ. ಅವರಿಬ್ಬರಿಗೂ ಕನ್ನಡ ಬಾರದು. ನೀವೆಲ್ಲ ಸೇರಿ ಕ್ಷಮಿಸಿದರೂ ಆ ಮನೆಗೆ ಸುದ್ದಿ ಮುಟ್ಟುವುದಿಲ್ಲ.

ಇವತ್ತು ಭಾನುವಾರ. ಕಾಜಲ್‌ನನ್ನೂ ಕರೆದುಕೊಂಡು ಬಾ ಎಂದು ಸರಿತಾಗೆ ಫೋನ್ ಮಾಡಿದ್ದೇನೆ. ಕೆಲಸ ಬಿಡಬಹುದು, ಮುಖಕ್ಕೆ ಉಗುಳಬಹುದು, ನಾಳೆ ಹೆಸರು ತೆಗೆಸಿಯೂ ಬಿಡಬಹುದು. ಆ ಸಲ ನೀನು ಫೇಲಾಗಿರಲಿಲ್ಲ ಕಾಜಲ್ — ಇಷ್ಟನ್ನು ಹಿಂದಿಯಲ್ಲಿ ಬಾಯಲ್ಲೇ ಹೊರಳಿಸುತ್ತಾ ಕೂತಿದ್ದೇನೆ. ಅದರ ಮುಂದಿನ ಮಾತು ಬರುತ್ತಿಲ್ಲ. ಬಾರದಿದ್ದರೂ ಬಾಗಿಲು ತೆಗೆಯುತ್ತೇನೆ.